ಅಂಗಳದ ಉಪ್ಪು-ಇದ್ದಿಲು: ನಮ್ಮ ಮನೆಯ ವೈರಿಂಗಿನ ಚರಿತ್ರೆ

ಮೈಸೂರಿನ ನಮ್ಮ ಮನೆಯನ್ನು ತಂದೆಯವರು ಕಟ್ಟಿಸಿದ್ದು 1958ರಲ್ಲಿ. ಅದರ ನವೀಕರಣ ಮುಗಿದು, ಬಣ್ಣದ ವಾಸನೆ ಇನ್ನೂ ಆರುವ ಮೊದಲೇ, ಒಂದು ಬೆಳಿಗ್ಗೆ ಬಚ್ಚಲುಮನೆಯಿಂದ ನನ್ನ ಪತ್ನಿ ಕೂಗಿದರು: "ರೀ, ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ!" ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಭೂಸಂಪರ್ಕದ ಚಿತ್ರ ಬರೆದು ವಿವರಿಸಿದ ನನಗೆ ಆ ಮಾತು ಛಡಿ ಏಟಿನಂತೆ ತಾಗಿತು. ಅಂದು ಗೋಡೆಯೊಳಗಿನ ತಂತಿಗಳ ಚರಿತ್ರೆಯನ್ನು ಓದಬೇಕಾಯಿತು.

ನಮ್ಮ ಸೀಮೆಯಲ್ಲಿ ವಿದ್ಯುತ್ತು ಹುಟ್ಟಿದ್ದು ಮನೆಗಳಿಗಾಗಿ ಅಲ್ಲ, ಚಿನ್ನಕ್ಕಾಗಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಯೋಜನೆಯಿಂದ 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ದೀಪ ಬಂತು. ಸಾಮಾನ್ಯರ ಮನೆಯ ಹೊಸ್ತಿಲು ದಾಟಲು ಅದಕ್ಕೆ ಇನ್ನೂ ಹಲವು ದಶಕಗಳು ಬೇಕಾದವು.

ತಂದೆಯವರ ಕಾಲದ ವೈರಿಂಗು ಗೋಡೆಯ ಮೇಲೆಯೇ ಕಾಣುತ್ತಿತ್ತು. ತೇಗದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪುಗಳು ಹಿಡಿದ ರಬ್ಬರು ಹೊದಿಕೆಯ ತಾಮ್ರದ ತಂತಿ, ಮರದ ದುಂಡು ಬಿಲ್ಲೆಯ ಮೇಲೆ ಕಪ್ಪು ಬೇಕಲೈಟ್ ಸ್ವಿಚ್ಚು, ಮೀಟರಿನ ಪಕ್ಕದಲ್ಲಿ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸು. ಐದಾರು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ ಸೇರಿದರೂ ಎರಡು ಆಂಪಿಯರ್ ಮೀರುತ್ತಿರಲಿಲ್ಲ. ತಂತಿ ಹಳತಾದರೆ ಕಣ್ಣಿಗೇ ತಿಳಿಯುತ್ತಿತ್ತು.

1974ರಲ್ಲಿ ಹಿಂಬದಿಗೆ ಎರಡು ಕೋಣೆ ಸೇರಿದವು. ಆಮದು ತಾಮ್ರ ದುರ್ಲಭವಾಗಿದ್ದ ಆ ವರ್ಷಗಳಲ್ಲಿ ಅನೇಕ ಮನೆಗಳಂತೆ ನಮ್ಮಲ್ಲಿಯೂ ಅಲ್ಯೂಮಿನಿಯಂ ತಂತಿ ಬಂತು. ಅಲ್ಯೂಮಿನಿಯಂ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಗಾಳಿಗೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ತಾಮ್ರದೊಡನೆ ಸೇರುವೆಡೆ ಜೋಡಣೆ ಸಡಿಲಾಗಿ ಕಾವೇರುತ್ತದೆ. ಅದೇ ಕೋಣೆಗಳಿಗೆ ಮುಂದೆ ಗೀಸರು, ಮಿಕ್ಸಿ, ಫ್ರಿಜ್ಜು ಬಂದವು. ಎರಡು ಕಿಲೋವ್ಯಾಟಿನ ಗೀಸರೊಂದೇ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ. ಫ್ಯೂಸು ಪದೇ ಪದೇ ಹೋದಾಗ ನಾವು ಮಾಡಿದ್ದೇನು? ದಪ್ಪನೆಯ ತಾಮ್ರದ ಎಳೆ ಸುತ್ತಿದೆವು. ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿ, ಮನೆಯಲ್ಲಿ ಶಾಂತಿಯಿದೆ ಎಂದುಕೊಂಡೆವು!

ಈಗಿನ ನವೀಕರಣದಲ್ಲಿ ಹೊಸ ಸ್ವಿಚ್ಚುಗಳೂ ಎಂಸಿಬಿಗಳೂ ಬಂದವು. ಗೋಡೆ ನುಣುಪಾಯಿತು. ಆದರೂ ನಲ್ಲಿ ಜುಮ್ಮೆಂದದ್ದೇಕೆ? ಪರವಾನಗಿ ಪಡೆದ ಗುತ್ತಿಗೆದಾರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯನ್ನು ಕರೆಸಿದೆ. ಮೊದಲು ಮೇನ್ ಆಫ್ ಮಾಡಿಸಿ, ಒಂದು ಗಂಟೆ ಪರೀಕ್ಷಿಸಿ, ತಲೆ ತಗ್ಗಿಸಿ ಹೇಳಿದ: "ಸಾರ್, ನೀವೇ ಹೇಳಿಕೊಟ್ಟ ಪಾಠ. ಹಸಿರು ವೈರು ಎಲ್ಲ ಪಾಯಿಂಟಿಗೂ ಇದೆ. ಆದರೆ ಅದು ಭೂಮಿಗೆ ಹೋಗಿಲ್ಲ."

ಆಗ ನೆನಪಾಯಿತು. ತಂದೆಯವರು ಅಂಗಳದ ಮೂಲೆಯಲ್ಲಿ ಕೊಳವೆ ಹೂಳಿಸಿ, ಸುತ್ತ ಉಪ್ಪು-ಇದ್ದಿಲು ತುಂಬಿಸಿದ್ದರು. ಬೇಸಿಗೆಯಲ್ಲಿ ಆ ಗುಂಡಿಗೆ ಎರಡು ಬಿಂದಿಗೆ ನೀರು ಹಾಕುವುದು ನನ್ನ ಬಾಲ್ಯದ ಕೆಲಸ. ಅಂಗಳಕ್ಕೆ ಟೈಲ್ಸ್ ಹಾಸುವಾಗ ಕೆಲಸದವರು ಅಡ್ಡವಾದ ತಂತಿಯನ್ನು ಕತ್ತರಿಸಿ ಗುಂಡಿಯನ್ನು ಮುಚ್ಚಿದ್ದರು. ಪಕ್ಕದಲ್ಲಿಯೇ ನಿಂತು ಟೈಲ್ಸಿನ ಬಣ್ಣ ಆರಿಸಿದವನು ನಾನೇ. ಹಳೆಯ ಕಬ್ಬಿಣದ ನೀರಿನ ಕೊಳವೆಗಳು ಸೋರಿದ ವಿದ್ಯುತ್ತನ್ನು ಅಷ್ಟಿಷ್ಟು ನೆಲಕ್ಕೆ ಒಯ್ಯುತ್ತಿದ್ದವೋ ಏನೋ, ಅವುಗಳ ಜಾಗಕ್ಕೂ ಪ್ಲಾಸ್ಟಿಕ್ ಬಂದಿತ್ತು. ಗೀಸರಿನಲ್ಲಿ ಸೋರಿದ ವಿದ್ಯುತ್ತಿಗೆ ಉಳಿದ ದಾರಿ, ನಲ್ಲಿ ಹಿಡಿದ ಮನುಷ್ಯನ ದೇಹ.

ಎಂಸಿಬಿ ಇದ್ದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಗುಂಡಿ ಒಣಗಿ ಅದರ ರೋಧ 50 ಓಮ್ ಆಗಿದೆಯೆನ್ನಿ. 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅದನ್ನು ಸಾಮಾನ್ಯ ಹೊರೆಯೆಂದು ತಿಳಿದು ಸುಮ್ಮನಿರುತ್ತದೆ. ಅದು ಕಾಯುವುದು ತಂತಿಯನ್ನು. ಮನುಷ್ಯನನ್ನು ಕಾಯಲು ಆರ್‌ಸಿಸಿಬಿ ಬೇಕು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಇರುವ ವ್ಯತ್ಯಾಸ 30 ಮಿಲಿ ಆಂಪಿಯರ್ ಆಗುವಷ್ಟರಲ್ಲಿ ಅದು ಕ್ಷಣಮಾತ್ರದಲ್ಲಿ ಸಂಪರ್ಕ ಕಡಿಯುತ್ತದೆ. ಈ ಬಗೆಯ ಸಾಧನಗಳ ಚರಿತ್ರೆಯಲ್ಲಿಯೂ ಚಿನ್ನದ ಗಣಿಯಿದೆ: 1955ರಲ್ಲಿ ದಕ್ಷಿಣ ಆಫ್ರಿಕಾದ ಹೆನ್ರಿ ರೂಬಿನ್ ಎಂಬ ಎಂಜಿನಿಯರು ರೂಪಿಸಿದ ಇಂಥದೊಂದು ಸಾಧನವನ್ನು ಅಲ್ಲಿನ ಗಣಿಗಳಲ್ಲಿ ಬಳಸಿದರು.

ಶಿಷ್ಯ ಹೊಸ ಗುಂಡಿ ತೋಡಿಸಿ ಅದರ ರೋಧವನ್ನು ಅಳೆದ, ಸೋರುತ್ತಿದ್ದ ಗೀಸರನ್ನು ಬದಲಿಸಿದ, ಅಲ್ಯೂಮಿನಿಯಂ ತೆಗೆದು ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರವನ್ನು ಪ್ರತ್ಯೇಕವಾಗಿ ಎಳೆದ, ಆರ್‌ಸಿಸಿಬಿ ಕೂರಿಸಿದ. ಅದರ 'ಟೆಸ್ಟ್' ಗುಂಡಿಯನ್ನು ನಾನೀಗ ತಿಂಗಳಿಗೊಮ್ಮೆ ಒತ್ತುತ್ತೇನೆ. ಆದರೆ ಆ ಗುಂಡಿ ಅರ್ತಿಂಗನ್ನು ಪರೀಕ್ಷಿಸುವುದಿಲ್ಲ. ಅದನ್ನು ಬಲ್ಲವರು ಬಂದು ಬೇರೆಯಾಗಿಯೇ ಅಳೆಯಬೇಕು.

ಹಳೆಯ ಮನೆಗಳನ್ನು ಹೊಸದು ಮಾಡುತ್ತಿರುವ ನನ್ನ ಶಿಷ್ಯರಲ್ಲಿ, ಬಂಧುಗಳಲ್ಲಿ ಒಂದೇ ಬಿನ್ನಹ. ಬಣ್ಣ ಆರಿಸುವ ಮೊದಲು ಹಸಿರು ತಂತಿಯ ಹಿಂದೆ ನಡೆಯಿರಿ. ಅದು ಮಣ್ಣನ್ನು ಮುಟ್ಟುವವರೆಗೆ ನಿಲ್ಲಬೇಡಿರಿ. ನಮ್ಮ ಅಂಗಳದಲ್ಲಿ ಈಗ ಒಂದು ಟೈಲ್ಸಿನಷ್ಟು ಜಾಗ ತೆರೆದಿದೆ. ಬೇಸಿಗೆ ಬಂದರೆ ಮೊಮ್ಮಗ ಅಲ್ಲಿಗೆ ನೀರು ಹಾಕುತ್ತಾನೆ.