ಸಂಭವವೆಂಬ ಒಂದೇ ಮಾತು

ಮಳೆ ಬರುವ ಸಂಭವವಿದೆ ಎಂದು ಹವಾಮಾನ ಇಲಾಖೆ ಹೇಳುತ್ತದೆ. ಶಸ್ತ್ರಚಿಕಿತ್ಸೆ ಫಲಿಸುವ ಸಂಭವ ನೂರಕ್ಕೆ ಎಂಬತ್ತು ಎಂದು ವೈದ್ಯರು ಹೇಳುತ್ತಾರೆ. ಆರೋಪಿ ತಪ್ಪು ಮಾಡಿರುವ ಸಂಭವವೇ ಹೆಚ್ಚು ಎಂದು ವಕೀಲರು ವಾದಿಸುತ್ತಾರೆ. ಕೇಳುವ ನಮ್ಮ ಕಿವಿಗೆ ಮೂರೂ ಒಂದೇ ಮಾತು. ಆದರೆ ಆಡುವವರ ಮನಸ್ಸಿನಲ್ಲಿ ಅದಕ್ಕೆ ಮೂರು ಅರ್ಥಗಳಿವೆ. ಈ ವ್ಯತ್ಯಾಸ ಹೇಗೆ ಹುಟ್ಟಿತು, ಅದನ್ನು ಮರೆತಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಪದದಿಂದಲೇ ಆರಂಭಿಸಬಹುದು. ಇಂದು ಶಾಲೆಯ ಗಣಿತ ಪಠ್ಯದಲ್ಲಿ 'ಸಂಭವನೀಯತೆ' ಎಂದು ಬಳಕೆಯಾಗುವ ಮಾತಿನ ಮೂಲದಲ್ಲಿರುವ 'ಸಂಭವ'ಕ್ಕೆ ಸಂಸ್ಕೃತದಲ್ಲಿ ಹುಟ್ಟು ಎಂಬುದು ಮೊದಲ ಅರ್ಥ. ಪೌರಾಣಿಕರು ಅದನ್ನು ಒಂದು ಪ್ರಮಾಣವೆಂದೂ ಎಣಿಸಿದ್ದರು: ಸಾವಿರವಿದೆ ಎಂದರೆ ಅದರೊಳಗೆ ನೂರು ಇದ್ದೇ ಇದೆ ಎಂದು ತಿಳಿಯುವ ಬಗೆ ಅದು. ಯುರೋಪಿನಲ್ಲಿ ಇದಕ್ಕೆ ಸಮಾನವಾದ ಲ್ಯಾಟಿನ್ ಪದ ಮಧ್ಯಯುಗದಲ್ಲಿ ಲೆಕ್ಕಕ್ಕೆ ಸಂಬಂಧಿಸಿದ್ದೇ ಅಲ್ಲ. ಬಲ್ಲವರು ಒಪ್ಪಿದ, ಮನ್ನಣೆಗೆ ಯೋಗ್ಯವಾದ ಅಭಿಪ್ರಾಯಕ್ಕೆ ಆ ವಿಶೇಷಣ ಸಲ್ಲುತ್ತಿತ್ತು. ಅಂಕಿಗೂ ಆ ಪದಕ್ಕೂ ನಂಟು ಬೆಳೆದದ್ದು ಬಹಳ ತಡವಾಗಿ.

ಲೆಕ್ಕಕ್ಕೂ ಜೂಜಿಗೂ ನಂಟಿದೆ ಎಂಬ ಅರಿವು ಮಾತ್ರ ಹಳೆಯದು. ಮಹಾಭಾರತದ ವನಪರ್ವದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜ ವಿದರ್ಭದ ದಾರಿಯಲ್ಲಿ ಒಂದು ತಾರೆ ಮರವನ್ನು ಕಂಡು, ಅದರ ಎರಡು ಕೊಂಬೆಗಳಲ್ಲಿ 2095 ಹಣ್ಣುಗಳಿವೆ ಎನ್ನುತ್ತಾನೆ. ಸಾರಥಿಯ ವೇಷದಲ್ಲಿದ್ದ ನಳ ನಂಬದೆ ಮರ ಕಡಿದು ಎಣಿಸುತ್ತಾನೆ, ಲೆಕ್ಕ ತಾಳೆಯಾಗುತ್ತದೆ. ಪಗಡೆಯ ಮರ್ಮ ಬಲ್ಲವನು ಸಂಖ್ಯೆಯಲ್ಲಿಯೂ ನಿಪುಣ ಎಂಬುದು ಋತುಪರ್ಣನ ವಿವರಣೆ. ಪ್ರಾಚೀನರು ದಾಳವಾಗಿ ಬಳಸುತ್ತಿದ್ದುದೂ ತಾರೆಕಾಯಿಯನ್ನೇ. ಆ ಅಕ್ಷಹೃದಯ ವಿದ್ಯೆ ಕೈಸೇರಿದ ಕೂಡಲೇ ಕಲಿ ನಳನ ಮೈಯನ್ನು ಬಿಟ್ಟು ಹೊರಬರುತ್ತಾನೆ. ವಿಜ್ಞಾನದ ಇತಿಹಾಸಕಾರರು ಈ ಪ್ರಸಂಗವನ್ನು ಆಸಕ್ತಿಯಿಂದ ಚರ್ಚಿಸಿದ್ದಾರೆ.

ಗಣಿತವಾಗಿ ಈ ವಿದ್ಯೆ ರೂಪುಗೊಂಡದ್ದು 1654ರಲ್ಲಿ, ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚರ ಪತ್ರವ್ಯವಹಾರದಲ್ಲಿ. ಇಬ್ಬರು ತಲಾ 32 ನಾಣ್ಯ ಪಣವಿಟ್ಟು, ಮೊದಲು ಮೂರು ಆಟ ಗೆದ್ದವನಿಗೆ ಎಲ್ಲವೂ ಸೇರಬೇಕೆಂದು ಆಡುತ್ತಿದ್ದಾರೆ. ಒಬ್ಬ ಎರಡು, ಇನ್ನೊಬ್ಬ ಒಂದು ಗೆದ್ದಿರುವಾಗ ಆಟ ನಿಂತುಹೋಯಿತು. ಹಣವನ್ನು ಹಂಚುವುದು ಹೇಗೆ? ಪಾಸ್ಕಲನ ಉತ್ತರ ಸರಳವಾಗಿದೆ. ಮುಂದಿನ ಆಟದಲ್ಲಿ ಸೋತರೂ ಮೊದಲನೆಯವನಿಗೆ 32 ಖಚಿತ. ಉಳಿದ 32ರ ಮೇಲೆ ಇಬ್ಬರಿಗೂ ಸಮಾನ ಹಕ್ಕು, ಆದ್ದರಿಂದ ಅರ್ಧ. ಅವನಿಗೆ 48, ಇನ್ನೊಬ್ಬನಿಗೆ 16. ಗಮನಿಸಬೇಕಾದದ್ದೇನೆಂದರೆ, ಅಲ್ಲಿದ್ದ ಪ್ರಶ್ನೆ ನ್ಯಾಯದ್ದು, ಭವಿಷ್ಯದ್ದಲ್ಲ. ಇನ್ನೂ ನಡೆಯದ ಆಟದಲ್ಲಿ ಯಾರ ಪಾಲು ಎಷ್ಟು ಎಂಬುದೇ ಈ ಗಣಿತದ ಮೊದಲ ಜಿಜ್ಞಾಸೆ.

ಮುಂದಿನ ತಲೆಮಾರಿನಲ್ಲಿ ಈ ವಿದ್ಯೆ ಜೂಜಿನ ಕಟ್ಟೆಯಿಂದ ಸ್ಮಶಾನದ ದಾಖಲೆಗೆ ನಡೆಯಿತು. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಊರಿನ ಸಾವಿನ ಪಟ್ಟಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ. ಧೂಮಕೇತುವಿನಿಂದ ನಮಗೆ ಪರಿಚಿತನಾದ ಹ್ಯಾಲಿ, 1693ರಲ್ಲಿ ಬ್ರೆಸ್ಲಾವ್ ನಗರದ ಜನನ ಮರಣದ ಲೆಕ್ಕದಿಂದ ಯಾವ ವಯಸ್ಸಿನವರು ಇನ್ನೆಷ್ಟು ಕಾಲ ಬದುಕಬಹುದೆಂಬ ಕೋಷ್ಟಕ ಸಿದ್ಧಪಡಿಸಿದ. ಜೀವವಿಮೆ ನಿಂತಿರುವುದು ಈ ಅಡಿಪಾಯದ ಮೇಲೆ. ಇಲ್ಲಿ ಸಂಭವವೆಂದರೆ ಒಂದು ಗುಂಪಿನ ಗುಣ. ಸಾವಿರ ಮಂದಿಯಲ್ಲಿ ಈ ವರ್ಷ ಎಷ್ಟು ಮಂದಿ ಸಾಯುತ್ತಾರೆಂದು ವಿಮೆಯವನು ಸುಮಾರಾಗಿ ಬಲ್ಲ. ಎದುರಿಗೆ ಕುಳಿತವನು ಎಂದು ಸಾಯುತ್ತಾನೆಂಬುದು ಅವನಿಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಎಣಿಕೆ ಹೆಚ್ಚಿದಂತೆ ಅನುಪಾತ ಸ್ಥಿರವಾಗುತ್ತದೆ ಎಂಬುದನ್ನು ಯಾಕೋಬ್ ಬರ್ನೂಲಿ ಸಾಧಿಸಿ ತೋರಿಸಿದ. ಅವನ ಗ್ರಂಥ ಹೊರಬಂದದ್ದು 1713ರಲ್ಲಿ, ಅವನು ತೀರಿಕೊಂಡ ಎಂಟು ವರ್ಷಗಳ ಮೇಲೆ.

ಇನ್ನೊಂದು ದಾರಿಯೂ ಅದೇ ಶತಮಾನದಲ್ಲಿ ತೆರೆಯಿತು. ಥಾಮಸ್ ಬೇಯ್ಸ್ ಎಂಬ ಪಾದ್ರಿಯ ಪ್ರಬಂಧವನ್ನು ಅವನ ಮರಣಾನಂತರ 1763ರಲ್ಲಿ ಗೆಳೆಯ ರಿಚರ್ಡ್ ಪ್ರೈಸ್ ಪ್ರಕಟಿಸಿದ. ಕಂಡ ಫಲದಿಂದ ಕಾಣದ ಕಾರಣದ ಕಡೆಗೆ ಹೇಗೆ ಸಾಗಬೇಕು, ಹೊಸ ಸಾಕ್ಷ್ಯ ದೊರೆತಾಗ ಮೊದಲಿನ ನಂಬಿಕೆಯನ್ನು ಎಷ್ಟು ತಿದ್ದಿಕೊಳ್ಳಬೇಕು ಎಂಬುದು ಅಲ್ಲಿಂದ ಬೆಳೆದ ವಿಚಾರ. ಲಾಪ್ಲಾಸ್ ಅದನ್ನು ವಿಸ್ತರಿಸಿದ. ಅವನ ದೃಷ್ಟಿಯಲ್ಲಿ ಜಗತ್ತು ಪೂರ್ಣವಾಗಿ ನಿಯಮಬದ್ಧ. ಸಂಭವವೆಂಬುದು ನಮ್ಮ ಅರೆತಿಳಿವಿನ ಅಳತೆ. ವೈದ್ಯರು ಒಬ್ಬ ರೋಗಿಯ ಮುಂದೆ ಕುಳಿತು ರೋಗನಿರ್ಣಯ ಮಾಡುವಾಗ ಬಳಸುವುದು ಬಹುಮಟ್ಟಿಗೆ ಈ ಎರಡನೆಯ ಅರ್ಥವನ್ನೇ. ಹೀಗೆ ಒಂದೇ ಪದಕ್ಕೆ ಎರಡು ಮುಖಗಳಾದವು: ಹೊರಗಿನ ಜಗತ್ತಿನ ಆವರ್ತನ ಒಂದು, ಒಳಗಿನ ನಂಬಿಕೆಯ ತೂಕ ಇನ್ನೊಂದು.

ಭೌತವಿಜ್ಞಾನ ಮೂರನೆಯದನ್ನು ಸೇರಿಸಿತು. 1860ರಲ್ಲಿ ಮ್ಯಾಕ್ಸ್‌ವೆಲ್ ಅನಿಲದ ಅಣುಗಳ ವೇಗವನ್ನು ಸಂಭವದ ನಿಯಮದಿಂದ ವಿವರಿಸಿದಾಗ, ಪ್ರತಿಯೊಂದು ಅಣುವನ್ನೂ ಬೆನ್ನಟ್ಟುವುದು ನಮ್ಮಿಂದಾಗದೆಂಬುದೇ ಅದಕ್ಕೆ ಸಮರ್ಥನೆಯಾಗಿತ್ತು. ಆದರೆ 1926ರಲ್ಲಿ ಮ್ಯಾಕ್ಸ್ ಬಾರ್ನ್ ಕ್ವಾಂಟಮ್ ಸಿದ್ಧಾಂತಕ್ಕೆ ಕೊಟ್ಟ ವ್ಯಾಖ್ಯಾನದಲ್ಲಿ ಆ ಸಮರ್ಥನೆಯೂ ಉಳಿಯಲಿಲ್ಲ. ವಿಕಿರಣಶೀಲ ಪರಮಾಣು ಯಾವ ಕ್ಷಣದಲ್ಲಿ ಒಡೆಯುತ್ತದೆಂಬುದು ನಮಗೆ ತಿಳಿಯದಿರುವುದು ನಮ್ಮ ಅಜ್ಞಾನದಿಂದಲ್ಲ. ಪ್ರಕೃತಿಯಲ್ಲಿಯೇ ಅದು ನಿಶ್ಚಯವಾಗಿಲ್ಲ ಎಂಬ ಅರ್ಥ ಅಲ್ಲಿಂದ ಬೆಳೆಯಿತು. ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ.

ಅರ್ಥದ ಜಗಳ ಹೀಗೆ ನಡೆದಿರುವಾಗಲೇ 1933ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಕೆಲವೇ ಸೂತ್ರಗಳಲ್ಲಿ ಸಂಭವನೀಯತೆಗೆ ಗಟ್ಟಿಯಾದ ಗಣಿತದ ನೆಲೆ ಒದಗಿಸಿದ. ಆ ಸೂತ್ರಗಳು ಹೇಗೆ ಕೂಡಿಸಬೇಕು, ಹೇಗೆ ಗುಣಿಸಬೇಕು ಎಂದು ಹೇಳುತ್ತವೆ. ಕೂಡಿಸುತ್ತಿರುವುದು ಏನನ್ನು ಎಂದು ಹೇಳುವುದಿಲ್ಲ. ವ್ಯಾಕರಣ ಒಂದೇ, ಅದರಲ್ಲಿ ಬರೆದ ವಾಕ್ಯಗಳ ಅರ್ಥ ಬೇರೆಬೇರೆ. ವಿಮೆಗಾರನೂ ವೈದ್ಯನೂ ಭೌತವಿಜ್ಞಾನಿಯೂ ಒಂದೇ ಸೂತ್ರವನ್ನು ಬರೆಯುತ್ತಾರೆ. ಸಂಖ್ಯೆ ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಸುಲಭವಾಗಿ ದಾಟುತ್ತದೆ, ಅರ್ಥ ಹಿಂದೆಯೇ ಉಳಿಯುತ್ತದೆ. ಅಪಾಯವಿರುವುದು ಇಲ್ಲಿ.

ನಮಗೆ ಹತ್ತಿರದ ಉದಾಹರಣೆ ಮಳೆಯದು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಮಾಪಕದಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ದಾಖಲಾಯಿತು. ಅದೇ ನಗರದ ಕೊಲಾಬಾದಲ್ಲಿ ಬಿದ್ದದ್ದು ಸುಮಾರು 73 ಮಿ.ಮೀ. ಇಂಥ ದುರಂತಗಳಾದಾಗ 'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಎಂಬ ಮಾತು ಕೇಳಿಬರುತ್ತದೆ. ಕೇಳಿದವರು, ಬಂದುಹೋಯಿತು, ಇನ್ನು ನೂರು ವರ್ಷ ನಿಶ್ಚಿಂತೆ ಎಂದುಕೊಳ್ಳುತ್ತಾರೆ. ಎಂಜಿನಿಯರರ ಅರ್ಥ ಬೇರೆ: ಯಾವುದೇ ವರ್ಷದಲ್ಲಿ ಅದು ಬರುವ ಸಂಭವ ನೂರಕ್ಕೆ ಒಂದು. ಬಂದ ಮರುವರ್ಷವೂ ಅಷ್ಟೇ. ಮೂವತ್ತು ವರ್ಷದ ಸಾಲ ಮಾಡಿ ತಗ್ಗಿನಲ್ಲಿ ಮನೆ ಕೊಂಡವನು ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಅಂಥ ನೆರೆ ಕಾಣುವ ಸಂಭವ ನೂರಕ್ಕೆ ಸುಮಾರು 26. ಅದೂ ಹವಾಮಾನ ಬದಲಾಗದಿದ್ದರೆ.

ಇದಕ್ಕಿಂತ ಕಠೋರವಾದ ಉದಾಹರಣೆ ನ್ಯಾಯಾಲಯದ್ದು. 1999ರಲ್ಲಿ ಇಂಗ್ಲೆಂಡಿನ ಒಬ್ಬ ತಾಯಿಗೆ ತನ್ನ ಇಬ್ಬರು ಹಸುಗೂಸುಗಳನ್ನು ಕೊಂದ ಆರೋಪದ ಮೇಲೆ ಜೀವಾವಧಿ ಶಿಕ್ಷೆಯಾಯಿತು. ಅಂಥ ಕುಟುಂಬದಲ್ಲಿ ಒಂದು ಮಗು ಕಾರಣ ತಿಳಿಯದೆ ತೊಟ್ಟಿಲಲ್ಲೇ ಸಾಯುವ ಸಂಭವ 8543ಕ್ಕೆ ಒಂದು, ಎರಡು ಮಕ್ಕಳು ಹಾಗೆ ಸಾಯುವ ಸಂಭವ ಅದನ್ನು ಅದರಿಂದಲೇ ಗುಣಿಸಿದಷ್ಟು, ಅಂದರೆ 7.3 ಕೋಟಿಗೆ ಒಂದು ಎಂದು ತಜ್ಞವೈದ್ಯರೊಬ್ಬರು ಸಾಕ್ಷ್ಯ ನುಡಿದಿದ್ದರು. ಗುಣಿಸಬಹುದಾದದ್ದು ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳನ್ನು ಮಾತ್ರ. ಒಡಹುಟ್ಟಿದವರ ರಕ್ತ, ಮನೆ, ಗಾಳಿ ಎಲ್ಲವೂ ಒಂದೇ. ಅದಕ್ಕಿಂತ ದೊಡ್ಡ ತಪ್ಪು, ಗುಂಪಿನ ಲೆಕ್ಕವನ್ನು ಒಬ್ಬಳ ಅಪರಾಧದ ಅಳತೆಯಾಗಿ ಓದಿಕೊಂಡದ್ದು. ಎರಡು ಸಹಜ ಸಾವು ಅಪರೂಪ ನಿಜ. ತಾಯಿ ಎರಡು ಮಕ್ಕಳನ್ನು ಕೊಲ್ಲುವುದೂ ಅಷ್ಟೇ ಅಪರೂಪವಲ್ಲವೇ? ಎರಡನ್ನೂ ತೂಗಿ ನೋಡಬೇಕಿತ್ತು. 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಬಹಿರಂಗವಾಗಿ ಆಕ್ಷೇಪ ಎತ್ತಿತು. ವೈದ್ಯಕೀಯ ಪರೀಕ್ಷೆಯ ಒಂದು ಮುಖ್ಯ ಫಲಿತಾಂಶ ಬೆಳಕಿಗೆ ಬಾರದೆ ಉಳಿದಿತ್ತೆಂಬುದು ಗೊತ್ತಾಗಿ, 2003ರಲ್ಲಿ ಶಿಕ್ಷೆ ರದ್ದಾಯಿತು. ಆಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದಳು. ಬಿಡುಗಡೆಯಾದ ನಾಲ್ಕು ವರ್ಷಕ್ಕೆ ತೀರಿಕೊಂಡಳು.

ನಮ್ಮ ದೇಶದ 1872ರ ಸಾಕ್ಷ್ಯ ಅಧಿನಿಯಮ ಈ ವಿಷಯದಲ್ಲಿ ಎಚ್ಚರದಿಂದ ನಡೆದಿತ್ತೆಂದು ನಮಗೆ ತೋರುತ್ತದೆ. ವಿವೇಕಿಯಾದವನು ನಿಜವೆಂದು ಭಾವಿಸಿ ನಡೆದುಕೊಳ್ಳಬಹುದಾದಷ್ಟು ಸಂಭವನೀಯವಾಗಿ ಕಂಡದ್ದು ಸಾಬೀತಾದಂತೆ ಎಂಬ ಆಶಯ ಅದರದು. ಅಲ್ಲಿ ಸಂಭವವೆಂಬ ಮಾತಿದೆ, ಅಂಕಿಯಿಲ್ಲ. ತೂಗುವ ಹೊಣೆ ಮನುಷ್ಯನ ವಿವೇಕದ ಮೇಲಿದೆ.

ಭಾರತದಲ್ಲಿ ಸಂಖ್ಯಾಶಾಸ್ತ್ರಕ್ಕೆ ನೆಲೆ ಒದಗಿಸಿದ ಪ್ರಶಾಂತಚಂದ್ರ ಮಹಾಲನೋಬಿಸ್ 1950ರ ದಶಕದಲ್ಲಿ ಬರೆದ ಲೇಖನವೊಂದರಲ್ಲಿ ಜೈನರ ಸ್ಯಾದ್ವಾದಕ್ಕೂ ತಮ್ಮ ಶಾಸ್ತ್ರದ ತಳಹದಿಗೂ ಇರುವ ಹೋಲಿಕೆಯನ್ನು ಚರ್ಚಿಸಿದರು. ಹಾಲ್ಡೇನ್ ಕೂಡ ಅದೇ ವಿಷಯವಾಗಿ ಬರೆದರು. ಪಂಪ, ರನ್ನರ ಧರ್ಮದ ಮೂಲಕ ಕನ್ನಡಕ್ಕೆ ಹಳೆಯ ಪರಿಚಯವಿರುವ ಆ 'ಸ್ಯಾತ್' ಎಂಬುದನ್ನು 'ಇರಬಹುದು' ಎಂದಷ್ಟೇ ಅನುವಾದಿಸಿದರೆ ಸಾಲದೆಂದು ಬಲ್ಲವರು ಹೇಳುತ್ತಾರೆ. 'ಒಂದು ನೆಲೆಯಿಂದ ನೋಡಿದಾಗ' ಎಂಬುದು ಅದರ ಸರಿಯಾದ ಭಾವ. ಜೈನರು ಸಂಭವನೀಯತೆಯ ಗಣಿತವನ್ನು ಕಂಡಿದ್ದರೆಂದು ಹೇಳುವುದು ಅತಿಯಾದೀತು. ಆದರೆ ಯಾವ ಮಾತಿಗೂ ಅದನ್ನು ಆಡಿದ ನೆಲೆಯನ್ನು ಸೇರಿಸಿಯೇ ಹೇಳಬೇಕೆಂಬ ಅವರ ಶಿಸ್ತನ್ನು ಇಂದಿನ ಸಂಖ್ಯೆಗಳಿಗೂ ಅನ್ವಯಿಸಬಹುದು. ನೂರಕ್ಕೆ ಎಂಬತ್ತು ಎಂದು ಯಾರಾದರೂ ಹೇಳಿದಾಗ, ಯಾವ ನೂರರಲ್ಲಿ, ಯಾರು ಎಣಿಸಿದ್ದು, ಆ ನೂರರಲ್ಲಿ ನಾವಿದ್ದೇವೆಯೇ ಎಂದು ಕೇಳುವುದು ಅವಿನಯವಲ್ಲ. ಆ ಇಂಗ್ಲೆಂಡಿನ ತಾಯಿಯ ವಿಚಾರಣೆಯಲ್ಲಿ ಕೇಳದೆ ಉಳಿದದ್ದು ಈ ಪ್ರಶ್ನೆಗಳೇ.