ಹಲಗಲಿಯ ಬೀಸುವ ಕಲ್ಲು

೧೮೫೭ ಎಂದೊಡನೆ ನಮ್ಮ ಮನಸ್ಸು ಮೀರತ್, ದಿಲ್ಲಿ, ಕಾನ್ಪುರಗಳತ್ತ ಹರಿಯುತ್ತದೆ. ಮುಧೋಳದ ಸಮೀಪದ ಹಲಗಲಿ ನೆನಪಾಗುವುದು ಅಪರೂಪ. ನೆನಪಾದರೂ ಅದು ಒಂದು ಲಾವಣಿಯಿಂದ. ಆ ಲಾವಣಿಯನ್ನೂ ಸರಕಾರಿ ವರದಿಗಳು ಉಳಿಸಿರುವ ವೃತ್ತಾಂತವನ್ನೂ ಎದುರುಬದುರು ಇಟ್ಟು ಓದಿದಾಗ ನನಗೆ ತೋರಿದ್ದನ್ನು ತಮ್ಮ ಮುಂದಿಡುತ್ತೇನೆ.

ವರದಿಯ ಕಥೆ ಸಂಕ್ಷಿಪ್ತ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆಯುಧಗಳ ಕಾಯಿದೆಯಾಯಿತು. ಹತಾರಗಳನ್ನು ಒಪ್ಪಿಸಿರೆಂಬ ಆಜ್ಞೆಗೆ ಹಲಗಲಿಯ ಬೇಡರು ಮಣಿಯಲಿಲ್ಲ. ನವೆಂಬರಿನ ಕೊನೆಯಲ್ಲಿ ಕರ್ನಲ್ ಮಾಲ್ಕಂನ ಪಡೆ ಊರನ್ನು ಮುತ್ತಿತು. ಊರಿಗೆ ಬೆಂಕಿ ಬಿತ್ತು. ಸುಮಾರು ನೂರು ಮಂದಿ ಮಡಿದರು. ೨೯೦ ಮಂದಿ ಸೆರೆಯಾದರು. ೧೯ ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಇದಿಷ್ಟಕ್ಕೂ ಇಟ್ಟ ಹೆಸರು ‘ದಂಗೆ’.

ಈ ಹೆಸರೇ ನನಗೆ ಸಂಶಯ ತಂದದ್ದು. ನ್ಯಾಮತಿಯವನಾದ ನನಗೆ ಜಗಳೂರು ಸೀಮೆಯ ಮ್ಯಾಸಬೇಡರ ಹಟ್ಟಿಗಳು ಅಪರಿಚಿತವಲ್ಲ. ಬೇಟೆ, ಕಾವಲು, ಪಾಳೆಯಗಾರರ ಕಾಲದಲ್ಲಿ ದಂಡಿನ ಚಾಕರಿ, ಇವೇ ಬೇಡರ ಕಸುಬು. ಒಕ್ಕಲಿಗನ ನೇಗಿಲನ್ನು ಕಸಿದು, ಅವನು ಅಡ್ಡ ಬಂದರೆ ದಂಗೆಕೋರನೆನ್ನಬಹುದೇ? ಹತಾರ ಹೋದರೆ ಬದುಕೇ ಹೋಯಿತೆಂದು ಲಾವಣಿಯ ಬೇಡರು ಆಡಿಕೊಳ್ಳುವುದು ಉತ್ಪ್ರೇಕ್ಷೆಯಲ್ಲ.

ಲಾವಣಿಯನ್ನೇ ಕಣ್ಣುಮುಚ್ಚಿ ನಂಬಿರೆಂದು ಹೇಳುತ್ತಿಲ್ಲ. ಹುಕುಮು ವಿಲಾಯಿತಿಯಿಂದ ಬಂತೆಂದು ಅದು ಹೇಳುತ್ತದೆ, ಬಂದದ್ದು ಕಲ್ಕತ್ತೆಯಿಂದ. ಅದರಲ್ಲಿರುವ ಅಂಕಿತ ಗದಗದ ಕಡೆಯ ಕುರ್ತಕೋಟಿಯ ಕಲ್ಮೇಶನದು. ಕಟ್ಟಿದವನು ಹಲಗಲಿಯವನೇ ಆಗಿರಬೇಕೆಂದಿಲ್ಲ. ಅದನ್ನು ೧೮೮೦ರ ದಶಕದಲ್ಲಿ ಅಚ್ಚಿಗೆ ಕೊಟ್ಟವನಂತೂ ಆಂಗ್ಲ ಅಧಿಕಾರಿ, ನಮ್ಮ ಶಾಸನಗಳನ್ನು ಓದಿದ ಫ್ಲೀಟ್! ಸೋತವರ ಹಾಡು ಗೆದ್ದವರ ಅಧಿಕಾರಿಯ ಕೈಯಿಂದ ನಮಗೆ ದಕ್ಕಿದೆ.

ಆದರೆ ಕೊನೆಯ ಭಾಗದಲ್ಲಿ ಲಾವಣಿಕಾರ ಯಾವ ದಫ್ತರದ ಕಾರಕೂನನೂ ಬರೆಯದ ಪಟ್ಟಿಯೊಂದನ್ನು ಕೊಡುತ್ತಾನೆ. ದಂಡಿನವರು ಒಯ್ದದ್ದೇನು? ಕೊಡಲಿ, ಕುಡ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಜೀರಿಗೆ, ಅರಿಸಿನ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು. ಬಂದೂಕು ಕೇಳಲು ಬಂದವರು ಜೀರಿಗೆ ಒಯ್ದರು. ಬೀಸುವ ಕಲ್ಲಂತೂ ಭಾರ; ಅದನ್ನು ಹೊತ್ತು ಸಾಗಿದವನಿಗೆ ಎಷ್ಟು ದುಡ್ಡು ಹುಟ್ಟೀತು? ಇದೊಂದೆಡೆ ಕವಿ ಹಿಗ್ಗಿಸಿ ಹಾಡಿದ್ದಾನೆಂದೇ ಇಟ್ಟುಕೊಳ್ಳೋಣ. ಆದರೂ ಗಂಡಸರು ಸೆರೆಯಾದ ಮೇಲೆ ಸುಟ್ಟ ಮನೆಗೆ ಮರಳಿದ ಹೆಂಗಸು ಮೊದಲು ಹುಡುಕಿದ್ದು ಅದನ್ನೇ ಇರಬೇಕು.