ಬಣ್ಣ ಹಚ್ಚದೆ ಕಂಡ ಕೊಬ್ಬು

'ಕಿಣ್ವ' ಎಂಬ ಮಾತು ನಮಗೆ ಹೊಸದಲ್ಲ. ಸುರೆಯನ್ನು ಹುದುಗಿಸಲು ಬಳಸುವ ದ್ರವ್ಯಕ್ಕೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಆ ಹೆಸರಿದೆ. ಈಚಿನ ವಿಜ್ಞಾನ ಪುಸ್ತಕಗಳಲ್ಲಿ ಅದೇ ಮಾತು 'ಎನ್‌ಜೈಮ್' ಎಂಬುದಕ್ಕೆ ಸಲ್ಲುತ್ತಿದೆ. ನಮ್ಮ ಅನುವಾದಕರು ಇಲ್ಲಿ ಎಡವಿದರೆಂದು ನಾನು ಬಹುಕಾಲ ಭಾವಿಸಿದ್ದೆ. ಎನ್‌ಜೈಮ್ ಪದವನ್ನು ಟಂಕಿಸಿದ ಜರ್ಮನಿಯ ಕ್ಯೂನೆ ಕೂಡ 'ಹುದುಗಿನೊಳಗಿನದು' ಎಂಬ ಗ್ರೀಕ್ ಅರ್ಥವನ್ನೇ ಹಿಡಿದು ಹೊರಟವನೆಂಬುದು ಆಮೇಲೆ ತಿಳಿಯಿತು. ಆ ಹುದುಗು, ಎಂದರೆ ಯೀಸ್ಟ್, ತನ್ನ ಒಡಲೊಳಗೆ ಕೂಡಿಟ್ಟುಕೊಂಡ ಕೊಬ್ಬನ್ನು ಮನುಷ್ಯನು ಹೇಗೆ ಕಂಡ, ಹೇಗೆ ಅಳೆದ ಎಂಬುದೇ ಇಂದಿನ ಪ್ರಸ್ತಾಪ.

೧೬೮೦ರಲ್ಲಿ ಹಾಲೆಂಡಿನ ಲೇವನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ಬಿಯರನ್ನಿಟ್ಟು ನೋಡಿ ಅದರಲ್ಲಿ ಸಣ್ಣ ಗುಂಡುಗಳಿರುವುದನ್ನು ಬರೆದಿಟ್ಟ. ಅವು ಜೀವಿಗಳೆಂದು ಅವನು ಬಗೆಯಲಿಲ್ಲ. ೧೮೩೭ರ ಸುಮಾರಿಗೆ ಫ್ರಾನ್ಸಿನ ಕಾನ್ಯಾರ್ ದ ಲಾ ಟೂರ್, ಜರ್ಮನಿಯ ಶ್ವಾನ್ ಮೊದಲಾದವರು ಆ ಮಾತನ್ನು ಹೇಳಿದಾಗಲೂ ರಸಾಯನಶಾಸ್ತ್ರದ ಘಟಾನುಘಟಿಗಳು ನಕ್ಕರು. ಪಾಸ್ತರನು ಬಂದ ಮೇಲೆ ಆ ನಗೆ ನಿಂತಿತು.

ಈ ಜೀವಿಯ ಒಂದು ಸ್ವಭಾವ ವಿಚಿತ್ರವಾದುದು. ಸಕ್ಕರೆ ಯಥೇಚ್ಛವಾಗಿದ್ದು ಸಾರಜನಕ ಸಾಲದಾದಾಗ, ಕೆಲವು ಜಾತಿಯ ಯೀಸ್ಟುಗಳು ಬೆಳೆಯುವುದನ್ನು ಬಿಟ್ಟು ಕೂಡಿಡತೊಡಗುತ್ತವೆ. ಒಣತೂಕದ ಐದನೆಯ ಒಂದು ಪಾಲಿಗೂ ಮಿಕ್ಕು ಕೊಬ್ಬು ತುಂಬಿಕೊಳ್ಳುವ ಜಾತಿಗಳುಂಟು. ಮೊದಲ ಮಹಾಯುದ್ಧದಲ್ಲಿ ಕೊಬ್ಬಿನ ಅಭಾವಕ್ಕೆ ಸಿಲುಕಿದ ಜರ್ಮನಿಯಲ್ಲಿ ಲಿಂಡ್ನರ್ ಎಂಬ ವಿದ್ವಾಂಸನು ಇಂಥದೊಂದು ಸೂಕ್ಷ್ಮಜೀವಿಯಿಂದ ಕೊಬ್ಬನ್ನು ಬೆಳೆಯಲು ಯತ್ನಿಸಿದ. ಇಂದು ಡೀಸೆಲಿಗೆ ಬದಲಿ ಹುಡುಕುವವರೂ ಅದೇ ದಾರಿಯಲ್ಲಿದ್ದಾರೆ.

ಬೆಳೆ ಎಂದ ಮೇಲೆ ಅಳತೆ ಬೇಕಲ್ಲವೆ? ತೊಡಕು ಅಲ್ಲಿಯೇ ಇದ್ದದ್ದು. ಒಂದು ಯೀಸ್ಟ್ ಕೋಶದ ಅಡ್ಡಳತೆ ಮಿಲಿಮೀಟರಿನ ಇನ್ನೂರನೆಯ ಒಂದು ಪಾಲಿನಷ್ಟು; ಅದರೊಳಗಿನ ಕೊಬ್ಬಿನ ಹನಿ ಅದಕ್ಕಿಂತ ಎಷ್ಟೋ ಕಿರಿದು. ಹಳೆಯ ಕ್ರಮವೆಂದರೆ, ಕೋಟಿಗಟ್ಟಲೆ ಕೋಶಗಳನ್ನು ಒಡೆದು, ಕ್ಲೋರೋಫಾರಂ ಮೊದಲಾದ ದ್ರಾವಕಗಳಲ್ಲಿ ಕೊಬ್ಬನ್ನು ಕರಗಿಸಿ ತೂಗುವುದು. ಸಿಕ್ಕುವುದು ಸರಾಸರಿ ಮಾತ್ರ. ಆ ಕೋಟಿಯಲ್ಲಿ ಸಿರಿವಂತನಾರು, ಬಡವನಾರು ಎಂಬುದು ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಇನ್ನೊಂದು ಕ್ರಮ ಬಣ್ಣ ಹಚ್ಚುವುದು. ೧೮೯೬ರಲ್ಲಿ ಸುಡಾನ್ ಎಂಬ ಕೆಂಬಣ್ಣ ಕೊಬ್ಬಿಗೆ ಹಿಡಿಯುವುದನ್ನು ಕಂಡುಕೊಂಡರು. ೧೯೮೫ರಲ್ಲಿ ನೈಲ್ ರೆಡ್ ಎಂಬ ಹೊಳೆಯುವ ಬಣ್ಣ ಬಂತು. ಆದರೆ ಯೀಸ್ಟಿನ ಗೋಡೆ ಗಟ್ಟಿ. ಒಂದು ಕೋಶ ಹೆಚ್ಚು ಬಣ್ಣ ಕುಡಿಯುತ್ತದೆ, ಇನ್ನೊಂದು ಕಡಿಮೆ. ಆಗ ನಾವು ಅಳೆಯುತ್ತಿರುವುದು ಕೊಬ್ಬನ್ನೋ, ಗೋಡೆಯ ಔದಾರ್ಯವನ್ನೋ?

ಬಣ್ಣ ಹಚ್ಚದೆ ಕಾಣುವ ದಾರಿಯ ಬೀಜ ಬಿದ್ದದ್ದು ಕಲ್ಕತ್ತೆಯ ಬೌಬಜಾರಿನ ಒಂದು ಪ್ರಯೋಗಶಾಲೆಯಲ್ಲಿ. ೧೯೨೮ರ ಜನವರಿಯಲ್ಲಿ ರಾಮನ್ನರ ಸಂಗಡಿಗ ವೆಂಕಟೇಶ್ವರನ್ ಅತಿ ಶುದ್ಧವಾದ ಗ್ಲಿಸರಿನ್ ಮೇಲೆ ಬಿಸಿಲನ್ನು ಹಾಯಿಸಿದಾಗ, ಚದರಿದ ಬೆಳಕು ಎಂದಿನ ನೀಲಿಯಾಗಿರದೆ ಹಸಿರಾಗಿ ಬೆಳಗಿತು. ಮುಂದೆ ರಾಮನ್ ಮತ್ತು ಕೃಷ್ಣನ್ ಹತ್ತಾರು ದ್ರವಗಳನ್ನು ಪರೀಕ್ಷಿಸಿದರು. ಅಣುವಿಗೆ ತಾಗಿ ಚದರುವ ಬೆಳಕಿನ ಒಂದು ಅಲ್ಪಾಂಶ, ಆ ಅಣುವಿನ ಕಂಪನಕ್ಕೆ ತಕ್ಕಂತೆ ತನ್ನ ಬಣ್ಣವನ್ನು ಬದಲಿಸುತ್ತದೆ ಎಂಬುದು ಫೆಬ್ರವರಿ ೨೮ರ ಹೊತ್ತಿಗೆ ನಿಶ್ಚಿತವಾಯಿತು. ಮಾರ್ಚ್ ೧೬ರಂದು ರಾಮನ್ ಅದನ್ನು ವಿಸ್ತಾರವಾಗಿ ವಿವರಿಸಿದ್ದು ನಮ್ಮ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. ಗ್ಲಿಸರಿನ್ ಎಂದೆನಲ್ಲ, ಕೊಬ್ಬಿನ ಅಣುವಿಗೆ ಅದೇ ಬೆನ್ನೆಲುಬು: ಒಂದು ಗ್ಲಿಸರಿನ್, ಅದಕ್ಕೆ ತೂಗುಬಿದ್ದ ಮೂರು ಉದ್ದನೆಯ ಸರಪಳಿಗಳು. ಆ ಸರಪಳಿಯಲ್ಲಿ ಇಂಗಾಲಕ್ಕೆ ಅಂಟಿದ ಜಲಜನಕದ ಜೋಡಿಗಳು ಸೆಕೆಂಡಿಗೆ ಸುಮಾರು ೮೫ ಲಕ್ಷ ಕೋಟಿ ಬಾರಿ ಮಿಡಿಯುತ್ತವೆ. ಕೊಬ್ಬಿನ ಗುರುತು ಅದರ ಮಿಡಿತದಲ್ಲಿಯೇ ಇದೆ, ಹೊರಗಿನಿಂದ ಹಚ್ಚಬೇಕಾಗಿಲ್ಲ.

ಹಾಗಿದ್ದರೆ ಎಪ್ಪತ್ತು ವರ್ಷ ಕಾದದ್ದೇಕೆ? ರಾಮನ್ ಬೆಳಕು ಅತಿ ಕ್ಷೀಣ. ಒಂದು ಜೀವಂತ ಕೋಶದ ಚಿತ್ರವನ್ನು ಅದರಿಂದ ಬರೆಯುವಷ್ಟರಲ್ಲಿ ಕೋಶವೇ ಬೇರೆಯಾಗಿರುತ್ತಿತ್ತು. ೧೯೬೦ರಲ್ಲಿ ಲೇಸರ್ ಹುಟ್ಟಿತು. ೧೯೬೫ರಲ್ಲಿ ಅಮೆರಿಕೆಯ ಫೋರ್ಡ್ ಮೋಟಾರು ಕಂಪನಿಯ ಪ್ರಯೋಗಶಾಲೆಯಲ್ಲಿ ಮೇಕರ್ ಮತ್ತು ಟರ್‌ಹ್ಯೂನ್ ಒಂದರ ಬದಲು ಎರಡು ಬಣ್ಣದ ಲೇಸರುಗಳನ್ನು ಕೂಡಿಸಿದರು. ಶ್ರುತಿಗೂಡದ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ ಅವುಗಳ ಅಂತರದ ಲಯದಲ್ಲಿ ನಾದ ಏರಿಳಿಯುತ್ತದಷ್ಟೆ? ಹಾಗೆಯೇ ಎರಡು ಬಣ್ಣಗಳ ಅಂತರ ಅಣುವಿನ ಮಿಡಿತಕ್ಕೆ ಸರಿಹೊಂದಿದಾಗ ಅಣುಗಳೆಲ್ಲ ಒಟ್ಟಾಗಿ ತೂಗಾಡಿ ಬೆಳಕನ್ನು ಬಲವಾಗಿ ಹೊಮ್ಮಿಸುತ್ತವೆ. ತಂಬೂರಿ, ಮೃದಂಗಗಳ ನಾದವನ್ನು ಶೋಧಿಸಿದ್ದ ರಾಮನ್ನರಿಗೆ ಈ ಉಪಮೆ ಒಪ್ಪಿಗೆಯಾಗುತ್ತಿತ್ತೆಂದು ನನ್ನ ಊಹೆ. ೧೯೮೨ರಲ್ಲಿ ಈ ಉಪಾಯವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರು. ೧೯೯೯ರಲ್ಲಿ ಜುಂಬುಶ್, ಹೋಲ್ಟಮ್, ಷೀ ಎಂಬ ಮೂವರು ಅದನ್ನು ಸರಳಗೊಳಿಸಿ ಜೀವಂತ ಕೋಶಗಳಿಗೆ ಒಗ್ಗಿಸಿದರು.

ಆದರೂ ಕಾಣುವುದು ಬೇರೆ, ಅಳೆಯುವುದು ಬೇರೆ. ಈ ಕ್ರಮದಲ್ಲಿ ಕೊಬ್ಬು ಎರಡು ಪಟ್ಟಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಸುತ್ತಲಿನ ನೀರೂ ತನ್ನ ಪಾಲನ್ನು ಬೆರೆಸುತ್ತದೆ. ತಕ್ಕಡಿಯ ಒಂದು ತಟ್ಟೆಯ ಮೇಲೆ ಯಾರೋ ಕೈಯಿಟ್ಟ ಹಾಗೆ. ೨೦೦೮ರಲ್ಲಿ ಹಾರ್ವರ್ಡಿನ ಫ್ರೊಯ್ಡಿಗರ್, ಷೀ ಮೊದಲಾದವರು ಪ್ರಕಟಿಸಿದ ಕ್ರಮ ಈ ದೋಷವನ್ನು ಬಹುಮಟ್ಟಿಗೆ ಕಳೆಯಿತು. ಹೊಮ್ಮುವ ಹೊಸ ಬೆಳಕನ್ನು ನೋಡದೆ, ಒಂದು ಲೇಸರ್ ಎಷ್ಟು ಕುಂದಿತು, ಇನ್ನೊಂದು ಎಷ್ಟು ಹೆಚ್ಚಿತು ಎಂದು ಲೆಕ್ಕ ಹಾಕುವುದು ಅದರ ಮರ್ಮ. ಇಲ್ಲಿ ಇಮ್ಮಡಿ ಕೊಬ್ಬಿಗೆ ಇಮ್ಮಡಿಯೇ ಉತ್ತರ.

ಇದಕ್ಕೂ ಮಿತಿಗಳಿವೆ. ಪ್ರೋಟೀನಿನ ಮಿಡಿತ ಕೊಬ್ಬಿನ ಮಿಡಿತಕ್ಕೆ ಹತ್ತಿರವಾದ್ದರಿಂದ ಅದನ್ನು ಬೇರೆಯಾಗಿ ಅಳೆದು ಕಳೆಯಬೇಕು. ಲೇಸರಿನ ಬಲ ಮಿತಿ ಮೀರಿದರೆ ಕೋಶಕ್ಕೆ ಹಾನಿ ತಪ್ಪದು. ಮುಟ್ಟದೆ ನೋಡುವುದೆಂಬುದು ಪೂರ್ತಿ ನಿಜವಲ್ಲ. ಆದರೂ ಒಡೆದು ತೂಗಿದ ಕೋಶದಿಂದ ಎರಡನೆಯ ಮಾತನ್ನು ಕೇಳಲಾಗದು. ಈ ಬೆಳಕಿನಲ್ಲಿ ಹದವಾಗಿ ಅಳೆದ ಕೋಶವಾದರೋ ಅದೇ ಮಸೂರದ ಕೆಳಗೆ ಮೊಗ್ಗೊಡೆಯಬಲ್ಲುದು, ತಾಯಿಯ ಹನಿಗಳಲ್ಲಿ ಎಷ್ಟು ಮಗಳಿಗೆ ಹೋದುವೆಂದು ಕುಳಿತು ಎಣಿಸಲೂಬಹುದು.